ಬೋಡಿ ಸ್ಟೇಷನ್ನಿನಲ್ಲಿ ಇಳಿದ ಅತಿಥಿ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಸಂಘದ ಮನೆಯ ಬೆಂಚು ಒರೆಸುತ್ತಿದ್ದೆ. ದಿಂಡಿಗಲ್ಲಿನಿಂದ ಬೋಡಿಯ ಏಲಕ್ಕಿ ಮಂಡಿಗೆ ಬಂದಿದ್ದ ಲಾರಿಯವನು, ನನ್ನ ಅಳಿಯನ ಬೀದಿಯವನು, ಬಾಗಿಲಲ್ಲೇ ನಿಂತು, "ತಾತ ಆಗ್ಬುಟ್ರಿ. ಹೆಣ್ಣು ಕೂಸು. ತಾಯಿ ಮಗು ಎರಡೂ ಸುಖ" ಎಂದು ಹೇಳಿ, ಕಾಫಿಗೂ ನಿಲ್ಲದೆ ಹೊರಟುಹೋದ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದೆ. ಬೆಂಚುಗಳಿದ್ದವು, ಗೋಡೆ ಗಡಿಯಾರವಿತ್ತು. ಹೇಳೋಣವೆಂದರೆ ಒಬ್ಬರೂ ಇರಲಿಲ್ಲ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ನನ್ನ ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ನಾನು ಕೊಡಬಹುದಾಗಿದ್ದ ತವರು ಅಂದರೆ ಸಂಘದ ಮನೆಯ ಹಿಂದಿನ ಒಂದು ಕೋಣೆ, ಅದರಲ್ಲೂ ಅರ್ಧ ಮಡಿಸುವ ಕುರ್ಚಿಗಳು. ಬಾಣಂತಿಗೆ ನೀರು ಹಾಕುವ ಹೆಂಗಸಿಲ್ಲದ ಮನೆಗೆ ಮಗಳನ್ನು ಯಾವ ಬಾಯಲ್ಲಿ ಕರೆಯುವುದು. ಅವಳು ಗಂಡನ ಮನೆಯಲ್ಲೇ ಹೆತ್ತಳು.

ಅವತ್ತೇ ಬಸ್ಸು ಹತ್ತಬೇಕೆಂದು ಕಾಲು ತುಡಿಯುತ್ತಿತ್ತು. ಆದರೆ ಅವತ್ತು ತಿಂಗಳ ಸಭೆ, ಮತ್ತು ಅದು ಎಂದಿನ ಸಭೆಯಲ್ಲ.

ನಮ್ಮದು ಕೆಲಸದಿಂದ ನಿವೃತ್ತರಾದ ಹಿರಿಯರ ಸಂಘ, ನಾನು ಅದರ ಆಳು. ಅಧ್ಯಕ್ಷರು ಹೆಡ್‌ಮಾಸ್ಟರಾಗಿದ್ದವರು, ಕಾರ್ಯದರ್ಶಿ ಪೋಸ್ಟ್‌ಮಾಸ್ಟರಾಗಿದ್ದವರು. ಉಳಿದವರಲ್ಲಿ ರೆವಿನ್ಯೂದವರು, ಕಾಡಿನ ಇಲಾಖೆಯವರು, ರೈಲ್ವೆಯವರು. ದಿನವೂ ಸಂಜೆ ಬಂದು ಪೇಪರ್ ಓದುವರು, ಇಸ್ಪೀಟು ಆಡುವರು. ಒಬ್ಬರ ಕಥೆ ಇನ್ನೊಬ್ಬರಿಗೆ ಬಾಯಿಪಾಠ. ಒಬ್ಬರು "ನಾನು ಉತ್ತಮಪಾಳ್ಯದಲ್ಲಿದ್ದಾಗ" ಎಂದು ಶುರು ಮಾಡಿದರೆ ಇನ್ನೊಬ್ಬರು ಕೊನೆ ಹೇಳಿ ಮುಗಿಸಿಬಿಡುವರು. ಹೊಸ ದನಿ ಕೇಳುತ್ತಿದ್ದದ್ದು ತಿಂಗಳಿಗೊಮ್ಮೆ, ಹೊರಗಿನ ಅತಿಥಿ ಬಂದು ಭಾಷಣ ಮಾಡಿದಾಗ ಮಾತ್ರ. ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಭೆಗೆ ಬಹಳ ಮುಂಚೆಯೇ ಬಂದು ಕೂರುತ್ತಿದ್ದರು.

ಆ ಮನೆಯನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದು ಒಬ್ಬ ಏಲಕ್ಕಿ ವ್ಯಾಪಾರಿ. ಊರಿಗೆ ತಿಂಗಳಿಗೊಂದು ಒಳ್ಳೆಯ ಮಾತು ಕೇಳಿಸಬೇಕು ಅನ್ನುವುದೇ ಅವರ ಷರತ್ತು. ಅವರು ತೀರಿಕೊಂಡ ಮೇಲೆ ಮಗ ಯಜಮಾನನಾದ. ಅವನಿಗೆ ಗೋಡೌನು ಸಾಲದು. ಹಾಗಿದ್ದೂ ಮರ್ಯಾದೆಯಿಂದಲೇ ಹೇಳಿದ್ದ: "ಮಾತು ನಡೆಯೋ ತನಕ ಮನೆ ನಿಮ್ದು. ಬರೀ ಇಸ್ಪೀಟಿಗಾದ್ರೆ ನನಗೆ ಮೂಟೆ ಇಡಕ್ಕೆ ಬೇಕು."

ಎರಡು ತಿಂಗಳಿಂದ ಮಾತು ನಡೆದಿರಲಿಲ್ಲ. ಮೊದಲ ಸಲ ಪೆರಿಯಕುಳದ ಡಾಕ್ಟರು ಬರಬೇಕಿತ್ತು, ಬಸ್ಸು ಕೆಟ್ಟಿತು. ಎರಡನೇ ಸಲ ಪುರಾಣ ಹೇಳುವವರು ಬಂದರು, ಗಂಟಲು ಕಟ್ಟಿ ಒಂದಕ್ಷರ ಹೊರಡಲಿಲ್ಲ. ಶುಂಠಿ ಕಷಾಯ ಕುಡಿಸಿ, ಶಾಲು ಹೊದಿಸಿ ಕಳಿಸಿದೆವು. ಈ ತಿಂಗಳೂ ತಪ್ಪಿದರೆ ಮನೆ ಹೋಯಿತು ಅಂತ ಎಲ್ಲರಿಗೂ ಗೊತ್ತಿತ್ತು. ಯಜಮಾನ ತಾನೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಅಂದಿದ್ದ.

ಕಾರ್ಯದರ್ಶಿ ಬಂದ ತಕ್ಷಣ ನಾನು, "ಅಯ್ಯಾ, ನನ್ನ ಮಗಳಿಗೆ..." ಅಂದೆ. ಅವರು ಗೋಡೆ ಗಡಿಯಾರ ನೋಡುತ್ತ, "ಸೋಡಾ ಬಂತಾ? ಹೂವಿನ ಹಾರ ಎಲ್ಲಿ?" ಅಂದರು.

"ಬಂತು. ಮಗಳಿಗೆ ಹೆರಿಗೆ ಆಯ್ತು, ದಿಂಡಿಗಲ್ಲಿಗೆ..."

"ಒಳ್ಳೇದು, ಒಳ್ಳೇದು. ಸಭೆ ಮುಗೀಲಿ, ಹೋಗುವಿಯಂತೆ. ಮಧ್ಯಾಹ್ನದ ಗಾಡಿಗೆ ಸ್ಟೇಷನ್‌ನಲ್ಲಿ ಇರು. ಇವತ್ತು ಬರೋರು ದೊಡ್ಡ ಅಧಿಕಾರಿ, ದ್ರಾಕ್ಷಿ ಬಳ್ಳಿ ವಿಷಯದಲ್ಲಿ ಅವರ ಮುಂದೆ ಇನ್ನೊಬ್ಬರಿಲ್ಲ. ಬಿಟ್ಟುಬಂದೆಯೋ, ನಾವೆಲ್ಲ ಬೀದಿಗೆ."

ಗಂಡೋ ಹೆಣ್ಣೋ ಅಂತ ಕೂಡ ಅವರು ಕೇಳಲಿಲ್ಲ. ಅವರ ಮೇಲೆ ಈಗ ನನಗೆ ಬೇಜಾರಿಲ್ಲ. ಅವರ ತಲೆಯಲ್ಲಿ ಮನೆ ಹೋಗುವ ಭಯವಿತ್ತು, ನನ್ನ ತಲೆಯಲ್ಲಿ ಮೊಮ್ಮಗಳಿದ್ದಳು. ಅಷ್ಟೆ.

ಅತಿಥಿಯನ್ನು ಕರೆತರುವುದಕ್ಕೂ ಒಂದು ಕ್ರಮವಿದೆ. ಗಾಡಿ ಬರುವ ಮುಂಚೆ ಹೋಗಿ ಗೇಟಿನ ಬೇವಿನ ನೆರಳಿನಲ್ಲಿ ನಿಲ್ಲಬೇಕು. ಬೋಡಿಯೇ ಕೊನೆಯ ಸ್ಟೇಷನ್ನು, ಇಲ್ಲಿಂದ ಮುಂದೆ ಹಳಿ ಇಲ್ಲ, ಬೆಟ್ಟ. ಹಾಗಾಗಿ ಇಳಿದವರೆಲ್ಲ ಇದೇ ಊರಿಗೋ ಬೆಟ್ಟಕ್ಕೋ ಬಂದವರು. ಸಂತೆಯವರು, ತೋಟದ ಆಳುಗಳು ಬುಟ್ಟಿ ಹೊತ್ತು ಬೆಟ್ಟ ಹತ್ತುವ ಬೋಡಿಮೆಟ್ಟಿನ ದಾರಿ ಹಿಡಿಯುತ್ತಾರೆ. ಯಾರು ಬಿಳಿ ಪಂಚೆಯಲ್ಲಿ ಇಳಿದು, ನಿಂತು, ಅತ್ತ ಇತ್ತ ನೋಡುತ್ತಾರೋ ಅವರೇ ಅತಿಥಿ. ಕೈಯ ಚೀಲ ಮೊದಲು ಇಸಿದುಕೊಳ್ಳಬೇಕು. ನಮ್ಮ ಕಡೆ ಇನ್ನೊಂದಿದೆ. ಬಂದವರಿಗೆ ನೀರು ಕೊಟ್ಟು, ಅವರು ಕುಡಿದು ಸುಧಾರಿಸಿಕೊಳ್ಳುವ ತನಕ ನೀವು ಯಾರು, ಯಾತಕ್ಕೆ ಬಂದಿರಿ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಯಾಕಾದರೂ ಬಂದೆ ಅಂದ ಹಾಗೆ. ನನ್ನ ತಾಯಿ ಅದನ್ನು ಕೈಯಲ್ಲಿ ಹೊಡೆದು ಕಲಿಸಿದ್ದಳು.

ಅವತ್ತು ಬಿಳಿ ಪಂಚೆಯಲ್ಲಿ ಇಳಿದವರು ಒಬ್ಬರೇ. ಕೊಡೆ, ಹಳದಿ ಚೀಲ, ಹೊಸ ಮೇಲುವಸ್ತ್ರ. ನಿಂತರು, ಅತ್ತ ಇತ್ತ ನೋಡಿದರು. ನಾನು ಹೋಗಿ ಕೈಮುಗಿದು ತಮಿಳಿನಲ್ಲಿ, "ವಾಂಗ ಅಯ್ಯಾ, ಬನ್ನಿ, ಪ್ರಯಾಣ ಸುಖವಾಗಿತ್ತಾ?" ಅಂದೆ.

"ನೀವು... ಅವರು ಕಳಿಸಿದ್ದಾ?"

"ಅವರೇ. ಎಲ್ಲರೂ ಕಾಯ್ತಾ ಇದ್ದಾರೆ."

ಅವರ ಮುಖದಲ್ಲಿ ಒಂದು ನೆಮ್ಮದಿ ಬಂತು. ಮೆಟ್ಟಿಲು ಇಳಿಯುವಾಗ ಕಾಲು ಜಾರಿ "ಅಯ್ಯೋ ನಮ್ಮವ್ವ" ಅಂದರು. ಕನ್ನಡ, ನನ್ನ ಮನೆ ಮಾತು. ನನ್ನ ಕಿವಿ ನೆಟ್ಟಗಾಯಿತು.

"ನೀವೂ ನಮ್ಮ ಮಾತಾ?"

"ಹೂಂ ಕಣಣ್ಣಾ. ನಮ್ದು ಆಂಡಿಪಟ್ಟಿ ತಾವ. ಮಳೆ ಬಂದ್ರೆ ಬೆಳೆ, ಇಲ್ದಿದ್ರೆ ಆಕಾಸ ನೋಡ್ಕೊಂಡು ಕೂತ್ಕಳದು."

ಬೆಳೆಯ ವಿಷಯ ಮಾತಾಡಲು ಬಂದವರು ಬೆಳೆಯ ಮಾತೇ ಆಡಿದರು ಅಂದುಕೊಂಡೆ. ಅಲ್ಲಿಂದ ಮುಂದೆ ಅವರಿಗೆ ಮಾತಾಡಲು ನಾನು ಬಿಡಲೇ ಇಲ್ಲ. ಬೆಳಗಿನಿಂದ ಎದೆಯಲ್ಲಿ ಹಿಡಿದುಕೊಂಡಿದ್ದೆಲ್ಲ ನನ್ನ ಮನೆ ಮಾತಿನಲ್ಲಿ ಬಂದುಬಿಟ್ಟಿತು. "ಅಣ್ಣಾ, ನಂಗೆ ಇವತ್ತು ಮೊಮ್ಮಗಳು ಹುಟ್ಟವ್ಳೆ" ಅಂತ ಶುರು ಮಾಡಿದೆ. ನನ್ನ ಮಗಳು ಚಿಕ್ಕಂದಿನಲ್ಲಿ ಹೇಗಿದ್ದಳು, ತಾಯಿ ಇಲ್ಲದೆ ಅವಳಿಗೆ ಜಡೆ ಹಾಕುವುದನ್ನು ನಾನು ಹೇಗೆ ಕಲಿತೆ, ಅಳಿಯ ಬೀಗ ಮಾಡುವ ಕಾರ್ಖಾನೆಯಲ್ಲಿ ಅರ ಹಿಡಿಯುವವನು, ಕೈ ಒರಟು, ಮನಸ್ಸು ಮೆತ್ತಗೆ, ಎಲ್ಲ ಹೇಳಿದೆ. ಅವರು ನಡುನಡುವೆ ನಿಂತು ಕೇಳಿದರು.

"ಕೂಸು ಯಾರ್ನ ಹೋಲ್ತದಂತೆ?"

"ಇನ್ನೂ ನೋಡಿಲ್ಲ ಅಣ್ಣಾ. ನಿಮ್ಮ ಕೆಲ್ಸ ಮುಗಿಸ್ಕೊಂಡು ಹೋಗ್ಬೇಕು."

"ನನ್ನ ಕೆಲ್ಸಕ್ಕೋಸ್ಕರ ನಿಂತ್ಕೊಂಡ್ರಾ?" ಅಂದರು. ಕಣ್ಣು ಒದ್ದೆಯಾಗಿತ್ತು. "ನಿಮ್ಮಂತೋರ ಮನೆಗೆ ನನ್ನ ಕೂಸು ಸೇರುದ್ರೆ ಸಾಕು."

ಆ ಮಾತು ನನಗೆ ಸರಿಯಾಗಿ ಕೇಳಿಸಿತು. ಆದರೆ ಸಂತೋಷದಲ್ಲಿದ್ದವನಿಗೆ ಬೇರೆಯವರ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಇದನ್ನು ಬರೆಯುತ್ತಿರುವ ಈಗಲೂ ಹಾಗೆಯೇ. ಮೊಮ್ಮಗಳು ನನ್ನ ಕನ್ನಡಕ ಕಿತ್ತುಕೊಂಡು ಓಡುತ್ತಾಳೆ, ನಾನು ನಮ್ಮ ಮಾತಿನಲ್ಲಿ ಗದರಿದರೆ ಅವಳು ತಮಿಳಿನಲ್ಲಿ ಜವಾಬು ಕೊಡುತ್ತಾಳೆ, ನಾನು ಬರೆಯುತ್ತಿದ್ದ ಸಾಲು ಮರೆತುಹೋಗುತ್ತದೆ. ನನ್ನ ಓದೂ ಅಷ್ಟಕ್ಕಷ್ಟೆ. ಕನ್ನಡ ಅಕ್ಷರ ಕಲಿತದ್ದು ಹರೆಯದಲ್ಲಿ ಕೊಳ್ಳೇಗಾಲದ ಬಟ್ಟೆ ಅಂಗಡಿಯಲ್ಲಿ ಗಂಟು ಹೊರುತ್ತಿದ್ದಾಗ.

ಸಂಘದ ಮನೆಗೆ ಬಂದೆವು. ಕಾಲು ತೊಳೆಯಲು ನೀರು, ಕುಡಿಯಲು ಮಜ್ಜಿಗೆ ಕೊಟ್ಟೆ. ಅವರು ಇನ್ನೂ ಲೋಟ ಕೆಳಗಿಟ್ಟಿರಲಿಲ್ಲ, ಕಾರ್ಯದರ್ಶಿ ಬಂದು ಎರಡೂ ಕೈ ಹಿಡಿದುಕೊಂಡು ವೇದಿಕೆಗೆ ಕರೆದೊಯ್ದರು. ಅತಿಥಿಯ ಮುಖ ಅವರೂ ಕಂಡಿರಲಿಲ್ಲ, ಬರೀ ಕಾರ್ಡಿನ ಪರಿಚಯ. ಅಧ್ಯಕ್ಷರು ಹಾರ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮನುಷ್ಯ ಹಾರದೊಳಗೆ ಮುದುರಿಕೊಂಡು ಕೂತರು. ಹಿಂದಿನ ಬೆಂಚಿನಲ್ಲಿ ಯಜಮಾನ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಅಧ್ಯಕ್ಷರದು ಒಂದು ಅಭ್ಯಾಸ. ಅತಿಥಿಯ ಹೆಸರು, ವಿಷಯ ಎರಡನ್ನೂ ಕೊನೆಗೆ ಹೇಳುವುದು. ಅದಕ್ಕೆ ಮುಂಚೆ ಲೋಕದ ಹುಟ್ಟಿನಿಂದ ಶುರು ಮಾಡುವರು. ಮನುಷ್ಯ ಮೊದಲು ಗುಹೆಯಲ್ಲಿದ್ದ ಅನ್ನುವಲ್ಲಿಗೆ ಅವರು ಬಂದಿದ್ದರು. ನಾನು ವೇದಿಕೆಯ ಹಿಂದೆ ಬೀಸಣಿಗೆ ಹಿಡಿದು ಅತಿಥಿಗೆ ಗಾಳಿ ಹಾಕುತ್ತಿದ್ದೆ. ಅವರು ಮೆಲ್ಲಗೆ ಹಿಂದಕ್ಕೆ ವಾಲಿದರು.

"ಅಣ್ಣಾ, ಇದ್ರಲ್ಲಿ ಹುಡುಗ ಯಾರು?"

ನಾನು ಸಭೆ ನೋಡಿದೆ. ಇದ್ದವರಲ್ಲಿ ಚಿಕ್ಕವರೆಂದರೆ ಆಗ ತಾನೇ ಹಲ್ಲು ಕಟ್ಟಿಸಿಕೊಂಡಿದ್ದ ಕಾಡಿನ ಇಲಾಖೆಯವರು.

"ಯಾವ ಹುಡುಗ?"

"ನಿಮ್ಮ ಹುಡುಗ. ನನ್ನ ಮಗಳಿಗೆ ನೋಡಕ್ಕೆ ಬಂದಿರದು. ಎಣ್ಣೆ ಗಾಣದ ಮನೆ ಇದೇ ಅಲ್ವಾ?"

ಬೀಸಣಿಗೆ ನಿಂತಿತು. ಎಣ್ಣೆ ಗಾಣದ ಮನೆ ಊರಿನ ಆ ಕೊನೆಯಲ್ಲಿ. ಹೆಣ್ಣುಗಂಡಿನ ಕೆಲಸದ ಮೇಲೆ ಹೊರಟವನು ದಾರಿಯಲ್ಲಿ ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಕೆಲಸ ಕೆಡುತ್ತದೆ. ಅದು ಅವರ ತಾಯಿ ಕಲಿಸಿದ್ದು. ಕೇಳಬಾರದು ಅಂತ ನಾನು ಕೇಳಿರಲಿಲ್ಲ, ಹೇಳಬಾರದು ಅಂತ ಅವರು ಹೇಳಿರಲಿಲ್ಲ.

ಅವರು ಕಿವಿಯಲ್ಲಿ ಉಳಿದದ್ದನ್ನೂ ಹೇಳಿದರು. ಹೆಂಡತಿ ಇಲ್ಲ. ಅಣ್ಣತಮ್ಮಂದಿರಿಲ್ಲ. ಹಿಂದೊಂದು ಸಂಬಂಧ, ಕರೆದ ಹೊತ್ತಿಗೆ ತಲುಪಲಿಲ್ಲ ಅಂತ ಮುರಿದುಹೋಗಿತ್ತು. "ಇವತ್ತು ರಾವುಗಾಲ ಬರೋದ್ರೊಳಗೆ ಮಾತು ಆಗ್ಬೇಕು ಅಂದವ್ರೆ ಅಣ್ಣಾ. ಹೊತ್ತಾಗ್ಬುಡ್ತದೆ." ಭಾನುವಾರ ರಾಹುಕಾಲ ಸಂಜೆಗೆ. ಕಿಟಕಿಯ ಬಿಸಿಲು ಆಗಲೇ ವಾಲಿತ್ತು.

ನನಗೆ ಒಂದು ಉಪಾಯ ಹೊಳೆಯಿತು. ಹೊಳೆಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವರೂ ರೈತರು. ಮಳೆ, ಜೋಳ, ದನ ಅಂತ ಒಂದಿಷ್ಟು ಮಾತಾಡಿ ಕೂತರೆ ಸಭೆ ನಡೆದ ಹಾಗೆ, ಮನೆ ಉಳಿದ ಹಾಗೆ. ಆದರೆ ಅಧ್ಯಕ್ಷರು ಇನ್ನೂ ಗುಹೆಯಲ್ಲಿದ್ದರು. ಅವರು ಹೊರಗೆ ಬಂದು, ಇವರು ಮಾತಾಡಿ, ವಂದನಾರ್ಪಣೆ ಆಗುವಷ್ಟರಲ್ಲಿ ಒಂದು ಹೆಣ್ಣಿನ ಮದುವೆ ತಪ್ಪಿಹೋಗಿರುತ್ತಿತ್ತು. ದಾರಿಯುದ್ದಕ್ಕೂ ನನ್ನ ಮಗಳ ಮಾತು ಕೇಳಿದ ಮನುಷ್ಯ ಇವರು.

ನಾನು ಮುಂದೆ ಬಂದು ಅಧ್ಯಕ್ಷರ ಮಾತಿನ ನಡುವೆ ಹೇಳಿದೆ, "ಅಯ್ಯಾ, ಇವರು ನಮ್ಮ ಅತಿಥಿ ಅಲ್ಲ. ನಾನು ತಪ್ಪಿ ಬೇರೆಯವರನ್ನ ಕರ್ಕೊಂಡು ಬಂದಿದೀನಿ. ಇವರು ಮಗಳಿಗೆ ಗಂಡು ನೋಡಕ್ಕೆ ಬಂದವರು. ಹೋಗಬೇಕು."

ಕಾರ್ಯದರ್ಶಿ ಎದ್ದು ನಿಂತರು. "ಅಯ್ಯೋ ಪಾಪಿ, ಹೆಸರು ಕೇಳಕ್ಕೆ ನಿನಗೇನಾಗಿತ್ತು ರೋಗ?"

ಅಧ್ಯಕ್ಷರು ಕನ್ನಡಕ ತೆಗೆದು ಅತಿಥಿಯನ್ನು ನೋಡಿದರು. "ಯಾರ ಮನೆಗಪ್ಪಾ?"

"ಎಣ್ಣೆ ಗಾಣದ ಮನೆಗೆ ಸಾಮೀ."

"ಆ ಗಾಣದವನ ಮಗ ನನ್ನ ಹತ್ತಿರ ಓದಿದವನು. ಲೆಕ್ಕದಲ್ಲಿ ದಡ್ಡ, ಹುಡುಗ ಒಳ್ಳೆಯವನು. ಸಂಬಂಧ ಮಾತಾಡಕ್ಕೆ ಒಬ್ಬನೇ ಬಂದಿದ್ದೀಯಾ?"

"ನಂಗ್ಯಾರವ್ರೆ ಸಾಮೀ."

ಅಧ್ಯಕ್ಷರು ಕೈಯಲ್ಲಿದ್ದ ಭಾಷಣದ ಚೀಟಿ ಮಡಿಸಿ ಜೇಬಿಗಿಟ್ಟು, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡರು. "ನಡಿ" ಅಂದರು.

ಕಾರ್ಯದರ್ಶಿ ಅವರ ತೋಳು ಹಿಡಿದು, ಹಿಂದಿನ ಬೆಂಚಿನ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದರು, "ಮನೆ ಹೋಗ್ತದೆ."

"ಗೊತ್ತು. ನೀವೂ ಚಪ್ಪಲಿ ಹಾಕ್ಕೊಳ್ಳಿ."

ಒಬ್ಬೊಬ್ಬರಾಗಿ ಎದ್ದರು. ಊರುಗೋಲಿನವರು, ಕಣ್ಣು ಮಂಜಾದವರು, ಹೊಸ ಹಲ್ಲಿನವರು. ಹಾರ ಹಾಕಿಕೊಂಡ ಮನುಷ್ಯನನ್ನು ನಡುವೆ ಬಿಟ್ಟುಕೊಂಡು ಬೀದಿಯಲ್ಲಿ ಹೊರಟೆವು. ಅಂಗಡಿಯವರು ಎದ್ದು ನಿಂತು ನೋಡಿದರು. ಗಾಣದ ಮನೆಯವರು, ಸ್ಟೇಷನ್ನಿಗೆ ಕಳಿಸಿದ್ದ ಆಳು ತಡವಾಗಿ ಹೋಗಿ ಬರಿಗೈಯಲ್ಲಿ ಬಂದನೆಂದು ಅವನನ್ನು ಬೈಯುತ್ತ ನಿಂತಿದ್ದರು. ನಮ್ಮ ದಂಡು ಕಂಡು ಗಾಬರಿಯಾಗಿ ಅಕ್ಕಪಕ್ಕದ ಮನೆಯ ಚಾಪೆಗಳನ್ನೆಲ್ಲ ತಂದು ಹಾಸಿದರು. ಆ ಮನೆಯ ಅಜ್ಜಿ ಹಾರ ನೋಡಿ, "ಇದೇನು, ಹೆಣ್ಣಿನ ಅಪ್ಪನೇ ಮದುಮಗನ ಹಂಗೆ ಬಂದವ್ನೆ" ಅಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಅರ್ಧ ಕೆಲಸ ಆಯಿತು. "ಹೆಣ್ಣಿನ ಕಡೆ ಹಿರಿಯರು ಯಾರು?" ಅಂತ ಕೇಳಿದಾಗ ಅಧ್ಯಕ್ಷರು "ನಾವು" ಅಂದರು. ವೀಳ್ಯ ಬದಲಾಯಿಸಿಕೊಂಡಾಗ ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಹಿಂದಕ್ಕೆ ಬರುವಾಗ ಅಂಚೆಯ ಆಳು ಎದುರು ಬಂದ. ತಂತಿ ಬಂದಿತ್ತು. ದ್ರಾಕ್ಷಿಯ ಅಧಿಕಾರಿಗೆ ಜ್ವರ, ಮುಂದಿನ ತಿಂಗಳು ಇದೇ ಗಾಡಿಗೆ ಬರುತ್ತಾರೆ. ಸಂಘದ ಮನೆಯಲ್ಲಿ ಯಜಮಾನ ಇರಲಿಲ್ಲ. ಅವನು ಕೂತಿದ್ದ ಬೆಂಚಿನ ಮೇಲೆ ಅವನಿಗೆ ಕೊಟ್ಟಿದ್ದ ಸೋಡಾ ಹಾಗೇ ಇತ್ತು.

ಮರುದಿನ ಅವನು ಬಂದ. ಕಾರ್ಯದರ್ಶಿ, ಅತಿಥಿ ಬಂದು ವೇದಿಕೆಯಲ್ಲಿ ಕೂತದ್ದಂತೂ ನಿಜವಲ್ಲವೇ ಅಂತ ವಾದ ಮಾಡಿದರು.

"ಕೂತ್ರು. ಮಾತಾಡಿದ್ರಾ?" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಬೆಟ್ಟದಿಂದ ಸರಕು ಇಳೀತಾ ಇದೆ. ಒದ್ದೆ ಆಗಕ್ಕೆ ಬಿಡಕ್ಕಾಗಲ್ಲ" ಅಂದ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬೈದುಕೊಳ್ಳುವುದಕ್ಕಾದರೂ ಆಗುತ್ತಿತ್ತು.

ವಾರದೊಳಗೆ ಮೂಟೆಗಳು ಬಂದವು. ಬೆಂಚುಗಳನ್ನು ಒಂದು ಶಾಲೆಗೆ ಕೊಟ್ಟೆವು. ನಾನು ಚೌಲ್ಟ್ರಿಯ ಜಗಲಿಗೆ ಬಂದೆ. ರಜೆಯೇನು, ಈಗ ಎಲ್ಲ ದಿನವೂ ರಜೆ. ಆದರೂ ದಿಂಡಿಗಲ್ಲಿಗೆ ಹೋಗಲಿಲ್ಲ. ಇರಲು ಮನೆಯಿಲ್ಲದ, ಮಾಡಲು ಕೆಲಸವಿಲ್ಲದ ಅಪ್ಪ ಚೀಲ ಹಿಡಿದು ಅಳಿಯನ ಬಾಗಿಲಲ್ಲಿ ನಿಂತರೆ, ಮಗು ನೋಡಲು ಬಂದ ಅಂತ ಯಾರು ಅಂದುಕೊಳ್ಳುತ್ತಾರೆ. ಸಂಜೆ ಹೊತ್ತು ಕಾಲು ತಾನಾಗಿ ಸಂಘದ ಮನೆಯ ಕಡೆ ಹೋಗುತ್ತಿತ್ತು. ಒಳಗಿಂದ ಏಲಕ್ಕಿಯ ವಾಸನೆ. ಒಂದೆರಡು ಸಲ ಸಂಘದವರೂ ಅಲ್ಲಿ ಸಿಕ್ಕರು. ಒಬ್ಬರನ್ನೊಬ್ಬರು ನೋಡಿ, ಬೇರೆ ಎಲ್ಲಿಗೋ ಹೊರಟವರ ಹಾಗೆ ಮುಂದಕ್ಕೆ ಹೋದೆವು. ಕೂಸಿಗೆ ಹೆಸರಿಟ್ಟ ಸುದ್ದಿಯನ್ನೂ ಆ ಲಾರಿಯವನೇ ತಂದಿದ್ದ, ಮೊಮ್ಮಗಳ ಮಾತು ಹೇಳಬೇಕೆಂದು ಬಾಯಿಗೆ ಬರುತ್ತಿತ್ತು. ಬೀದಿಯಲ್ಲಿ ನಿಲ್ಲಿಸಿ ಹೇಗೆ ಹೇಳುವುದು.

ತಿಂಗಳಾಯಿತು. ಅಧಿಕಾರಿಗೆ ಬರಬೇಡಿ ಅಂತ ಬರೆಯಲು ಕಾರ್ಯದರ್ಶಿಗೆ ಮನಸ್ಸು ಬಂದಿರಲಿಲ್ಲ. ಕರೆದವರನ್ನು ಬೇಡ ಅನ್ನುವುದು ಹೇಗೆ ಅಂದರು. ನಾನು ಎಂದಿನಂತೆ ಬೇವಿನ ಕೆಳಗೆ ನಿಂತೆ. ಬಿಳಿ ಪಂಚೆಯವರು ಇಳಿದರು. ಚೀಲಕ್ಕೆ ಕೈ ಹಾಕುವ ಮುಂಚೆ ಹೆಸರು ಕೇಳಿದೆ, ಊರು ಕೇಳಿದೆ, ಯಾವ ಕೆಲಸಕ್ಕೆ ಬಂದಿರಿ ಅಂತಲೂ ಕೇಳಿದೆ. ಅವರು, "ನೀವು ಪೊಲೀಸಿನವರಾ?" ಅಂದರು.

ಕರೆದುಕೊಂಡು ಹೋಗಲು ಮನೆ ಇರಲಿಲ್ಲವಲ್ಲ. ಸಂಘದವರೆಲ್ಲ ಇಸ್ತ್ರಿ ಅಂಗಿಯಲ್ಲಿ ಪ್ಲಾಟ್‌ಫಾರಮ್ಮಿಗೇ ಬಂದಿದ್ದರು. ಗಾಡಿ ತಿರುಗಿ ಹೊರಡುವ ತನಕ ಕೂತುಕೊಳ್ಳಿ, ಗದ್ದಲ ಮಾಡಬೇಡಿ ಅಂದರು ಸ್ಟೇಷನ್ ಮಾಸ್ಟರು. ಅಧ್ಯಕ್ಷರು ಹಾರ ಹಾಕಿ, ಗುಹೆಯ ಮನುಷ್ಯನನ್ನು ಬಿಟ್ಟು ನೇರವಾಗಿ ಹೆಸರು ಹೇಳಿದರು. ಅಧಿಕಾರಿ ಕಲ್ಲು ಬೆಂಚಿನ ಮುಂದೆ ನಿಂತು, ಕಾಮಯಗೌಂಡನ್‌ಪಟ್ಟಿಯ ತೋಟಗಳಲ್ಲಿ ಬಳ್ಳಿ ಹೇಗೆ ಸವರುತ್ತಾರೆ, ಎಲ್ಲಿ ಕತ್ತರಿಸಿದರೆ ಎಲ್ಲಿ ಚಿಗುರುತ್ತದೆ ಅಂತ ಬಹಳ ಚೆನ್ನಾಗಿ ಹೇಳಿದರು. ಹಿತ್ತಲು ಇಲ್ಲದವರೂ ತಲೆಯಾಡಿಸಿ ಕೇಳಿದರು. ಎಂಜಿನ್ನು ಆ ಕಡೆಯಿಂದ ಈ ಕಡೆಗೆ ಬಂದು ಕೂಡಿಕೊಂಡಿತು.

"ಯಾರಾದ್ರೂ ಏನಾದ್ರೂ ಕೇಳೋದಿದೆಯಾ?" ಅಂದರು ಅಧಿಕಾರಿ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಏನಯ್ಯಾ, ಅವತ್ತು ಮಗಳಿಗೆ ಹೆರಿಗೆ ಅಂದೆಯಲ್ಲ. ಗಂಡೋ ಹೆಣ್ಣೋ?"

"ಹೆಣ್ಣು."

"ನೋಡಿ ಬಂದೆಯಾ?"

"ಇಲ್ಲ ಅಯ್ಯಾ."

"ಯಾಕೆ?"

ನಾನು ನನ್ನ ಬರಿಗೈ ನೋಡಿಕೊಂಡೆ. ಅಧ್ಯಕ್ಷರಿಗೆ ಅರ್ಥವಾಯಿತು. "ಮೊಮ್ಮಗು ನೋಡಕ್ಕೆ ಕೆಲಸದಲ್ಲಿ ಇರಬೇಕಾ? ಹಾಗಾದ್ರೆ ನಾವ್ಯಾರೂ ನೋಡೋ ಹಾಗೇ ಇರಲಿಲ್ಲ" ಅಂದರು. ಕಾರ್ಯದರ್ಶಿ ಆಗಲೇ ನನಗೆ ದಿಂಡಿಗಲ್ಲಿನ ಟಿಕೆಟ್ಟು ತೆಗೆಸಲು ಕಿಟಕಿಯ ಹತ್ತಿರ ಹೋಗಿದ್ದರು. ನನ್ನ ಬಟ್ಟೆಯ ಚೀಲ ಚೌಲ್ಟ್ರಿಯಲ್ಲಿದೆ ಅಂದರೆ ಯಾರೂ ಕೇಳಲಿಲ್ಲ. ರೈಲ್ವೆಯವರು ತೋಳು ಹಿಡಿದು ಹತ್ತಿಸಿದರು, ಅಧಿಕಾರಿ ಪಕ್ಕದಲ್ಲಿ ಜಾಗ ಬಿಟ್ಟರು.

ಅತಿಥಿಗಳನ್ನು ಹತ್ತಿಸಿ ನಾನು ಕೈಮುಗಿದು ನಿಲ್ಲುತ್ತಿದ್ದ ಜಾಗದಲ್ಲಿ ಅವತ್ತು ಅವರು ನಿಂತಿದ್ದರು. ಗಾಡಿ ಹೊರಟ ಮೇಲೂ ಯಾರೂ ಗೇಟಿನ ಕಡೆ ಹೋಗಲಿಲ್ಲ. ಹೋಗಿ ಕೂರಲು ಎಲ್ಲಿತ್ತು. ತಿರುವಿನಲ್ಲಿ ಬಿಳಿ ಅಂಗಿಗಳು ಒಂದಾಗಿ, ಆಮೇಲೆ ಕಾಣದಾದವು. ಅದೇ ಸಂಘದ ಕೊನೆಯ ಸಭೆ.

ಬಹಳ ಹೊತ್ತು ನಾನು ಕಿಟಕಿ ಬಿಡಲಿಲ್ಲ. ಅಧಿಕಾರಿ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತೇನಿ ದಾಟಿದ ಮೇಲೆ ಕೇಳಿದರು, "ಮಗುವಿಗೆ ಏನು ಹೆಸರಿಟ್ಟಿದಾರೆ?"

ನಾನು ಅವರ ಕಡೆ ತಿರುಗಿ ಕೂತು, ಲಾರಿಯವನು ಬಾಗಿಲಲ್ಲಿ ನಿಂತಲ್ಲಿಂದ ಶುರು ಮಾಡಿದೆ. ಆಂಡಿಪಟ್ಟಿ ಬಂತು. ನಾನಿನ್ನೂ ಹೆಸರಿನ ತನಕ ಬಂದಿರಲಿಲ್ಲ.